ಅಶೋಕ ರಸ್ತೆಯ ಜೋಡಿ ಗೋಪುರ, ನೆಲಮಾಳಿಗೆಯ ಹುಡುಗಿ

ಮೈಸೂರು ಅರಮನೆಯ ಕಡೆಯಿಂದ ಅಶೋಕ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ, ಅಂಗಡಿಗಳ ಬೋರ್ಡುಗಳು, ವಿದ್ಯುತ್ ತಂತಿಗಳು, ಆಟೋ ಮತ್ತು ಬಸ್ಸುಗಳ ಗಲಾಟೆಯ ಮೇಲಿಂದ ಎರಡು ಚೂಪು ಗೋಪುರಗಳು ಕಾಣಿಸಿಕೊಳ್ಳುತ್ತವೆ. ಊರಿನವರ ಬಾಯಲ್ಲಿ ಅದು ಫಿಲೋಮಿನಾ ಚರ್ಚು. ಕಥೋಲಿಕರ ಮಾತಿನಲ್ಲಿ ಅದು ಮೈಸೂರು ಧರ್ಮಕ್ಷೇತ್ರದ ಪ್ರಧಾನಾಲಯ, ಅಂದರೆ ಧರ್ಮಾಧ್ಯಕ್ಷರ (ಬಿಷಪ್ಪರ) ಪೀಠವಿರುವ ದೇವಾಲಯ. ದಸರೆಗೆ ಬರುವ ಪ್ರವಾಸಿಗರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಂಡು, ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅವರನ್ನು ದೂರಲಾಗದು, ಏಕೆಂದರೆ ಕಟ್ಟಡದ ಮುಖವೇ ಅಷ್ಟು ಘನವಾಗಿದೆ. ಆದರೆ ಈ ಪ್ರಧಾನಾಲಯದ ನಿಜವಾದ ಕಥೆ ಗೋಪುರದ ತುದಿಯಲ್ಲಿಲ್ಲ, ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿದೆ ಎಂದು ನನಗೆ ಅನಿಸುತ್ತಾ ಬಂದಿದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆಂಬ ಆಸೆ ಬಹಳ ದಿನಗಳದು.

ಮೊದಲು ಗೋಪುರಗಳ ಮಾತನ್ನೇ ಮುಗಿಸುತ್ತೇನೆ. ಇವುಗಳ ಎತ್ತರ 175 ಅಡಿ. ವಿನ್ಯಾಸಕ್ಕೆ ಪ್ರೇರಣೆ ಜರ್ಮನಿಯ ಕಲೋನ್ ನಗರದ ಪ್ರಧಾನಾಲಯ. ನಕ್ಷೆ ಮಾಡಿದವರು ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ. ಮಧ್ಯಯುಗದ ಯುರೋಪಿನ ಒಂದು ತುಣುಕು ಮೈಸೂರಿಗೆ ಬಂದು ಇಳಿದಿದೆ ಎಂದು ನೋಡಿದವರು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಕಲೋನಿನ ಇತಿಹಾಸವನ್ನು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಅಲ್ಲಿ ಕೆಲಸ ಶುರುವಾದದ್ದು 1248ರಲ್ಲಿ. ಹದಿನಾರನೇ ಶತಮಾನದಲ್ಲಿ ನಿಂತುಹೋದ ಕೆಲಸವನ್ನು ಹತ್ತೊಂಬತ್ತನೇ ಶತಮಾನದಲ್ಲಿ, ಹಳೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಮತ್ತೆ ಕೈಗೆತ್ತಿಕೊಂಡರು. ಜೋಡಿ ಗೋಪುರಗಳು ಪೂರ್ತಿಯಾದದ್ದು 1880ರಲ್ಲಿ. ಮೈಸೂರಿನಲ್ಲಿ ಅಡಿಗಲ್ಲು ಬಿದ್ದದ್ದು 1933ರ ಅಕ್ಟೋಬರ್ 28ರಂದು. ಹೀಗೆ ನಮ್ಮ ಊರಿನ ಗೋಪುರಗಳು ಕಣ್ಮುಂದೆ ಇಟ್ಟುಕೊಂಡ ಆ ಗೋಪುರಗಳಿಗೆ ಆಗ ತುಂಬಿದ್ದದ್ದು ಐವತ್ತಮೂರು ವರ್ಷ ಮಾತ್ರ. ಅಂದಿನ ಹಿರಿಯರ ಜೀವಿತಾವಧಿಯೊಳಗೇ ಮುಗಿದ ಕೆಲಸ ಅದು. ನಾವು ಪುರಾತನವೆಂದು ಕೈಮುಗಿಯುವ ಎಷ್ಟೋ ಸಂಗತಿಗಳು ಹೀಗೆ ಹಳೆಯ ನಕ್ಷೆಯ ಮೇಲೆ ಹೊಸಬರು ಕಟ್ಟಿದವು. ಇದರಿಂದ ನನ್ನ ಗೌರವ ಕಡಿಮೆಯಾಗಿಲ್ಲ. ಪೂರ್ವಿಕರು ಬಿಟ್ಟುಹೋದದ್ದನ್ನು ಮುಗಿಸಿಯೇ ತೀರಬೇಕೆಂಬ ಹಟ ಎರಡೂ ಕಡೆ ಇತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮೈಸೂರಿನಲ್ಲಿ ಆ ಹಟ ಯಾವುದು ಎಂದು ತಿಳಿಯಲು ಇದೇ ನೆಲದ ಮೇಲಿದ್ದ ಹಳೆಯ ಚರ್ಚಿನ ಕಡೆ ತಿರುಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1843ರಲ್ಲಿ ಕಟ್ಟಿದ ದೇವಾಲಯ ಅದು. ಬೆಳಕಿನ ಲೋಕವನ್ನೂ ಈ ಭೂಲೋಕವನ್ನೂ ಸಕಲ ಜೀವರಾಶಿಯನ್ನೂ ಸೃಷ್ಟಿಸಿ ಕಾಪಾಡಿ ಆಳುವ ಏಕೈಕ ದೇವರ ಹೆಸರಿನಲ್ಲಿ, ಯೇಸುಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ನಂತರ ಈ ದೇವಾಲಯ ಕಟ್ಟಲಾಯಿತು ಎಂಬ ಅರ್ಥದ ಶಾಸನ ಅದರದು. ಆ ಒಕ್ಕಣೆಯನ್ನು ಓದಿದಾಗಲೆಲ್ಲ ಅದರ ಧಾಟಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ದೇವರ ಸ್ತುತಿಯಿಂದ ಆರಂಭವಾಗಿ, ಕಾಲವನ್ನು ಹೇಳಿ, ನಂತರ ಕಟ್ಟಿದ ಸಂಗತಿಗೆ ಬರುವ ಆ ಕ್ರಮ, ನಮ್ಮ ಅಗ್ರಹಾರಗಳ ದಾನಶಾಸನಗಳನ್ನು ಓದಿದವರಿಗೆ ಚಿರಪರಿಚಿತವಾದದ್ದು. ಶಕವರ್ಷದ ಜಾಗಕ್ಕೆ ಕ್ರಿಸ್ತನ ಅವತಾರದ ವರ್ಷ ಬಂದು ಕೂತಿದೆ, ಅಷ್ಟೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1831ರಲ್ಲಿ ಬ್ರಿಟಿಷರು ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಕಸಿದುಕೊಂಡಿದ್ದರು. 1843ರಲ್ಲಿ ರಾಜ್ಯವನ್ನು ನಡೆಸುತ್ತಿದ್ದದ್ದು ಕಮಿಷನರ್ ಮಾರ್ಕ್ ಕಬ್ಬನ್. ದೊರೆಗೆ ಉಳಿದದ್ದು ಅರಮನೆ, ಬಿರುದು ಮತ್ತು ದಾನ ಕೊಡುವ ಕೈ. ಕಂದಾಯ ಎತ್ತುವ, ಸೈನ್ಯ ಕಟ್ಟುವ ಅಧಿಕಾರ ಇಲ್ಲವಾದಾಗಲೂ, ತನ್ನ ಊರಿನ ಪ್ರಜೆಗಳ ಪೂಜಾಸ್ಥಾನಕ್ಕೆ ಆಸರೆಯಾಗುವುದು ದೊರೆತನದ ಲಕ್ಷಣವೆಂದು ಅವರು ತಿಳಿದಿದ್ದರು. ನನ್ನ ಮಟ್ಟಿಗೆ ಇದು ಮೈಸೂರಿನ ಇತಿಹಾಸದ ಬಹಳ ಘನವಾದ ಸಂಗತಿಗಳಲ್ಲಿ ಒಂದು.

ವಸಾಹತು ಕಾಲದ ಪ್ರಧಾನಾಲಯ ಎಂದೊಡನೆ ಗೋವಾದ ಚಿತ್ರ ಕಣ್ಮುಂದೆ ಬರುವುದು ಸಹಜ. ಹಳೆಗೋವಾದ ಸೇ ಪ್ರಧಾನಾಲಯವನ್ನು ಅರ್ಪಿಸಿರುವುದು ಸಂತ ಕ್ಯಾಥರೀನಳಿಗೆ. ಕಾರಣ, 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವಾವನ್ನು ಗೆದ್ದ ದಿನ ಆಕೆಯ ಹಬ್ಬವಾಗಿತ್ತು. ಅಲ್ಲಿ ಗೆಲುವು, ಆಳ್ವಿಕೆ ಮತ್ತು ಆರಾಧನೆ ಒಂದೇ ಕಟ್ಟಡದೊಳಗೆ ಹೆಣೆದುಕೊಂಡಿವೆ. ಮೈಸೂರಿನದು ಬೇರೆಯೇ ಬಗೆ. ಇಲ್ಲಿ ಮೇಲಧಿಕಾರ ನಡೆಸುತ್ತಿದ್ದ ಬ್ರಿಟಿಷರ ಪಂಗಡ ಆಂಗ್ಲಿಕನ್. ಕಥೋಲಿಕ ಪಾದ್ರಿಗಳು ಬಂದದ್ದು ಫ್ರಾನ್ಸಿನಿಂದ. ನೆಲ ಮತ್ತು ಆಶ್ರಯ ಒಡೆಯರದು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಇಟ್ಟಾಗ ಅವರ ದಿವಾನರು ಮಿರ್ಜಾ ಇಸ್ಮಾಯಿಲ್. ಈ ಕಾರ್ಯಕ್ಕೆ ಮೊದಲ ಕಾರಣವಾದವರು ಮಹಾರಾಜರ ಹುಜೂರ್ ಕಾರ್ಯದರ್ಶಿ ಟಿ. ತಂಬುಚೆಟ್ಟಿ, ಕಥೋಲಿಕರು. ಹೊಸ ದೇವಾಲಯವು ದೈವಕರುಣೆ ಮತ್ತು ಮನುಷ್ಯರ ಕೃತಜ್ಞತೆ ಎಂಬ ಎರಡು ಅಡಿಪಾಯಗಳ ಮೇಲೆ ಭದ್ರವಾಗಿ ನಿಲ್ಲುವುದೆಂದು ಆ ದಿನ ಮಹಾರಾಜರು ಆಡಿದ ಮಾತು ಇಂದಿಗೂ ನೆನಪಿನಲ್ಲಿ ಉಳಿದಿದೆ.

ಇದನ್ನೆಲ್ಲ ಹೇಳುವಾಗ ಕಹಿಯಾದ ಪುಟಗಳನ್ನು ಮುಚ್ಚಿಡಬಾರದು. ಶ್ರೀರಂಗಪಟ್ಟಣಕ್ಕೆ ಹದಿನೇಳನೇ ಶತಮಾನದ ಮಧ್ಯಭಾಗದಲ್ಲಿಯೇ ಲಿಯೊನಾರ್ಡೊ ಚಿನ್ನಾಮಿ ಎಂಬ, ಜೆಸ್ವಿಟ್ ಎಂಬ ಕಥೋಲಿಕ ಗುರುಗಳ ಸಂಘಕ್ಕೆ ಸೇರಿದ ಇಟಲಿಯ ಗುರು ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಬರೆದು ಮೈಸೂರು ಮಿಷನ್ನನ್ನು ಆರಂಭಿಸಿದ್ದರು. 1773ರಲ್ಲಿ ಪೋಪರು ಜೆಸ್ವಿಟ್ ಸಭೆಯನ್ನೇ ರದ್ದು ಮಾಡಿದ್ದರಿಂದ ಆ ಪರಂಪರೆಗೆ ಪೆಟ್ಟು ಬಿತ್ತು. 1784ರಲ್ಲಿ ಟಿಪ್ಪು ಸುಲ್ತಾನರು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದು ಮಂಗಳೂರಿನ ಮನೆಗಳಲ್ಲಿ ಇಂದಿಗೂ ಮಾಯದ ನೆನಪು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಚದುರಿದ್ದ ಇಲ್ಲಿನ ಕ್ರೈಸ್ತ ಸಮುದಾಯವನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಅಬ್ಬೆ ದುಬುವಾ. ಅವರು ಈ ನಾಡಿನವರಂತೆ ಉಟ್ಟು, ಇಲ್ಲಿನವರಂತೆ ಉಂಡು, ಜನರಿಂದ ದೊಡ್ಡಸ್ವಾಮಿಯೋರು ಎಂದು ಕರೆಸಿಕೊಂಡರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕಾಗಿ ಹಳ್ಳಿಹಳ್ಳಿ ತಿರುಗಿದರು, ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕುಟುಂಬಗಳಿಗೆ ಬೇಸಾಯದ ನೆಲೆ ಕಲ್ಪಿಸಿದರು. 1823ರಲ್ಲಿ ಅವರು ಪ್ಯಾರಿಸ್ಸಿಗೆ ಮರಳಿದರು. ಅವರ ಹಿಂದೆ ಬಂದ ಫ್ರೆಂಚ್ ಗುರುಗಳ ಸಾಲಿನಲ್ಲಿಯೇ ಅಶೋಕ ರಸ್ತೆಯ ಈ ಕಟ್ಟಡವೂ ಬರುತ್ತದೆ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಪಾಳುಚರ್ಚು ಕೂಡ ಅದೇ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಒಂದು ನೀರಿನಲ್ಲಿ ಕರಗುತ್ತಿದೆ, ಇನ್ನೊಂದರಲ್ಲಿ ದಿನವೂ ಪೂಜೆ ನಡೆಯುತ್ತಿದೆ.

ಒಳಗೆ ಹೋಗೋಣ. ಕಟ್ಟಡದ ತಳವಿನ್ಯಾಸ ಶಿಲುಬೆಯಾಕಾರದ್ದು. ಉದ್ದನೆಯ ಭಾಗದಲ್ಲಿ ಭಕ್ತರ ಬೆಂಚುಗಳು, ಅಡ್ಡಗೈಗಳು ಸೇರುವ ಕಡೆ ಗಾಯಕರ ಸ್ಥಾನ ಮತ್ತು ಪೀಠ. ಗಾಥಿಕ್ ಶೈಲಿಯ ಗುಟ್ಟು ಅದರ ಮೊನಚು ಕಮಾನಿನಲ್ಲಿದೆ. ಅರ್ಧವೃತ್ತದ ಕಮಾನು ಮೇಲಿನ ಭಾರವನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳುತ್ತದೆ, ಆದ್ದರಿಂದ ಗೋಡೆ ದಪ್ಪವಿರಲೇಬೇಕು. ಮೊನಚು ಕಮಾನು ಅದೇ ಭಾರವನ್ನು ಹೆಚ್ಚು ನೇರವಾಗಿ ಕಂಬಕ್ಕೆ ಇಳಿಸುತ್ತದೆ. ಕಂಬಗಳು ಭಾರ ಹೊರುವುದರಿಂದ ನಡುವಿನ ಗೋಡೆಗೆ ಬಿಡುವು ದೊರೆತು, ಅಲ್ಲಿ ಎತ್ತರದ ಕಿಟಕಿಗಳನ್ನು ತೆರೆದು ಗಾಜು ಕೂರಿಸಬಹುದು. ಬಿಸಿಲಿಗೆ ಹಂಬಲಿಸುವ ಉತ್ತರ ಯುರೋಪು ಈ ಶೈಲಿಯನ್ನು ಅಷ್ಟು ಪ್ರೀತಿಯಿಂದ ಬೆಳೆಸಿದ್ದು ಬೆಳಕನ್ನು ಒಳಕ್ಕೆ ಕರೆದುಕೊಳ್ಳುವುದಕ್ಕಾಗಿ. ಮೈಸೂರಿನಲ್ಲಿ ಬೆಳಕಿಗೆ ಬರವಿಲ್ಲ. ಇಲ್ಲಿ ಬಣ್ಣದ ಗಾಜು ಮಾಡುವ ಕೆಲಸ ಬೇರೆ. ಏಪ್ರಿಲ್ ತಿಂಗಳ ಹಗಲಿನಲ್ಲಿ ಹೊರಗಿನ ಅಂಗಳದ ಕಣ್ಣು ಕುಕ್ಕುವ ಬಿಳುಪಿನಿಂದ ಒಳಗೆ ಕಾಲಿಟ್ಟರೆ, ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣಗಳನ್ನು ಚಿತ್ರಿಸಿದ ಆ ಗಾಜುಗಳು ಬಿಸಿಲನ್ನು ಸೋಸಿ, ನೀಲಿ ಮತ್ತು ಕೆಂಪಿನ ಹದಕ್ಕೆ ತಂದು ಒಳಗೆ ಬಿಡುತ್ತಿರುತ್ತವೆ. ಬೆಳಕು ತರಲೆಂದು ಹುಟ್ಟಿದ ಕಿಟಕಿ ಇಲ್ಲಿ ನೆರಳು ಕೊಡುತ್ತದೆ. ಶೈಲಿಯೊಂದು ನೆಲ ಬದಲಿಸಿದಾಗ ಅದರ ಕೆಲಸವೂ ಬದಲಾಗುತ್ತದೆ ಎಂಬುದನ್ನು ಯಾವ ವಾಸ್ತುಶಿಲ್ಪದ ಪಾಠವೂ ನನಗೆ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಈಗ ನೆಲಮಾಳಿಗೆ. ಪೀಠದ ಕೆಳಗಿರುವ ಆ ಕಿರಿದಾದ ಹಾದಿಗೆ ಮೆಟ್ಟಿಲಿಳಿದು ಹೋಗಬೇಕು. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಗಾಜಿನ ಹಿಂದೆ ಮಲಗಿದ ಭಂಗಿಯಲ್ಲಿ ಒಬ್ಬ ಎಳೆಯ ಹುಡುಗಿಯ ಪ್ರತಿಮೆಯಿದೆ. ಆಕೆಯ ಪವಿತ್ರ ಅವಶೇಷವನ್ನು ಇರಿಸಿರುವುದು ಇಲ್ಲಿಯೇ. ಫೋಟೊ ತೆಗೆಯುವಂತಿಲ್ಲ. ಆದ್ದರಿಂದಲೋ ಏನೋ, ಮೇಲೆ ಮೊಬೈಲು ಹಿಡಿದಿದ್ದ ಕೈಗಳು ಇಲ್ಲಿಗೆ ಬಂದಾಗ ತಾವಾಗಿಯೇ ಜೋಡಿಕೊಂಡಿರುತ್ತವೆ.

ಯಾರು ಈ ಹುಡುಗಿ? ಚರಿತ್ರೆಗೆ ತಿಳಿದಿರುವುದು ಬಹಳ ಸ್ವಲ್ಪ. ರೋಮ್ ನಗರದ ಸಲಾರಿಯಾ ರಸ್ತೆಯಲ್ಲಿ ಪ್ರಿಸ್ಕಿಲ್ಲಾ ಹೆಸರಿನ ಭೂಗತ ಸಮಾಧಿಗಳಿವೆ. ಅಲ್ಲಿ 1802ರ ಮೇ ತಿಂಗಳಲ್ಲಿ, ಸುಟ್ಟ ಮಣ್ಣಿನ ಮೂರು ಹಲಗೆಗಳಿಂದ ಮುಚ್ಚಿದ್ದ ಒಂದು ಗೋರಿ ಕಂಡುಬಂತು. ಹಲಗೆಗಳ ಮೇಲೆ ಲಂಗರು, ಬಾಣ, ತಾಳೆಗರಿಗಳ ಚಿತ್ರಗಳಿದ್ದವು. ಜೊತೆಗೆ ಲ್ಯಾಟಿನ್ ಅಕ್ಷರಗಳಿದ್ದವು. ಇದ್ದ ಕ್ರಮದಲ್ಲಿ ಓದಿದರೆ ಅರ್ಥವಾಗದ ಆ ಬರಹ, ಮೊದಲ ಹಲಗೆಯನ್ನು ಕೊನೆಗೆ ಇಟ್ಟು ಓದಿದಾಗ, ಫಿಲುಮೆನಾ ನಿನಗೆ ಶಾಂತಿಯಿರಲಿ ಎಂದಾಯಿತು. ಒಳಗಿದ್ದ ಎಲುಬುಗಳು ಹದಿಮೂರು–ಹದಿನಾಲ್ಕು ವಯಸ್ಸಿನ ಹುಡುಗಿಯವು ಎಂದು ನಿರ್ಧರಿಸಿದರು. ಗೋರಿಯಲ್ಲಿದ್ದ ಒಂದು ಪುಟ್ಟ ಸೀಸೆಯಲ್ಲಿ ಒಣಗಿದ ರಕ್ತವಿದೆಯೆಂದು ನಂಬಿ, ಈಕೆ ಧರ್ಮಕ್ಕಾಗಿ ಪ್ರಾಣ ಕೊಟ್ಟವಳೆಂದು ತಿಳಿದರು. 1805ರಲ್ಲಿ ಆ ಅವಶೇಷಗಳು ನೇಪಲ್ಸ್ ಸಮೀಪದ ಮುನ್ಯಾನೊ ಎಂಬ ಊರಿಗೆ ಹೋದವು. ಅಲ್ಲಿಂದ ಆಕೆಯ ಹೆಸರು ಹಬ್ಬಿದ ರೀತಿ ಅಚ್ಚರಿಯದು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನಿ, ತನ್ನ ಬಳಿ ಬಂದವರಿಗೆ ಏನು ಒಳಿತಾದರೂ ಅದು ಫಿಲೋಮಿನಾಳಿಂದಲೇ ಎನ್ನುತ್ತಿದ್ದರು. ಲಿಯೋನಿನ ಪೋಲಿನ್ ಜರಿಕೊ ಎಂಬಾಕೆ ಸಾವಿನಂಚಿನ ಕಾಯಿಲೆಯಲ್ಲಿ 1835ರಲ್ಲಿ ಮುನ್ಯಾನೊಗೆ ಹೋಗಿ ಗುಣಮುಖಳಾಗಿ ಮರಳಿದ್ದು ಫ್ರಾನ್ಸಿನಲ್ಲೆಲ್ಲ ಮನೆಮಾತಾಯಿತು. 1837ರಲ್ಲಿ ಪೋಪ್ ಹದಿನಾರನೇ ಗ್ರೆಗರಿಯವರು ಆಕೆಯ ಹಬ್ಬದ ಆಚರಣೆಗೆ ಅನುಮತಿ ಕೊಟ್ಟರು. ಫ್ರೆಂಚ್ ಮನೆಗಳಲ್ಲಿ ಇಷ್ಟು ಬೇರೂರಿದ್ದ ಭಕ್ತಿ ಫ್ರೆಂಚ್ ಗುರುಗಳು ಹೋದ ನಾಡುಗಳಿಗೂ ಹೋದದ್ದರಲ್ಲಿ ಆಶ್ಚರ್ಯವಿಲ್ಲ. 1926ರಲ್ಲಿ ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಆಕೆಯ ಅವಶೇಷವನ್ನು ಪಡೆದು ತಂದರು. ಅದು ಫಾದರ್ ಕೋಶೆ ಅವರ ಕೈಸೇರಿತು. ಅವರು ಆಕೆಗೆ ತಕ್ಕ ದೇವಾಲಯ ಬೇಕೆಂದು ಮಹಾರಾಜರ ಬಳಿಗೆ ಹೋದರು. ಅಂದರೆ ಜೋಡಿ ಗೋಪುರಗಳಿಗೆ ಮೂಲ ಆ ಸಣ್ಣ ಅವಶೇಷ. ಹಳೆಯ ಚರ್ಚಿನಿಂದ ಬಂದ ಸಂತ ಜೋಸೆಫರ ಹೆಸರು ಪ್ರಧಾನಾಲಯದ ಅಧಿಕೃತ ಹೆಸರಿನಲ್ಲಿ ಇದ್ದರೂ, ಜನರ ನಾಲಗೆಯ ಮೇಲೆ ನಿಂತದ್ದು ಈ ಹುಡುಗಿಯ ಹೆಸರು.

ಕಥೆ ಇಲ್ಲಿಗೆ ನಿಂತಿದ್ದರೆ ಸುಲಭವಾಗುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪುರಾತತ್ವಜ್ಞ ಒರಾಜಿಯೊ ಮಾರುಕ್ಕಿಯವರು, ಆ ಮೂರು ಹಲಗೆಗಳು ಬೇರೊಂದು ಹಳೆಯ ಗೋರಿಯಿಂದ ತೆಗೆದು ಮರಳಿ ಬಳಸಿದವು, ಆದ್ದರಿಂದಲೇ ಅವುಗಳ ಕ್ರಮ ಏರುಪೇರಾಗಿದೆ ಎಂಬ ವಾದವನ್ನು ಮುಂದಿಟ್ಟರು. ಹಾಗಾದರೆ ಒಳಗಿದ್ದ ಹುಡುಗಿಗೂ ಹೊರಗಿನ ಹೆಸರಿಗೂ ಸಂಬಂಧವೇ ಇರಲಾರದು. ಆಕೆ ಗ್ರೀಕ್ ರಾಜಕುಮಾರಿ, ಚಕ್ರವರ್ತಿ ಡಯೊಕ್ಲೀಷಿಯನ್ನನ ಕೈಹಿಡಿಯಲು ಒಪ್ಪದೆ ಮಡಿದವಳು ಎಂಬ ಕಥನಕ್ಕೆ ಮೂಲ, ನೇಪಲ್ಸಿನ ಸನ್ಯಾಸಿನಿಯೊಬ್ಬರಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಆದ ದರ್ಶನ, ದಾಖಲೆಯಲ್ಲ. 1961ರಲ್ಲಿ ರೋಮಿನ ಧರ್ಮಾಧಿಕಾರಿಗಳು ಆಕೆಯ ಹಬ್ಬವನ್ನು ಎಲ್ಲ ಪಂಚಾಂಗಗಳಿಂದಲೂ ತೆಗೆಯಬೇಕೆಂದು ಸೂಚಿಸಿದರು. ಖಾಸಗಿ ಭಕ್ತಿಗೆ ಅಡ್ಡಿ ಮಾಡಲಿಲ್ಲ. ಆ ಹೊತ್ತಿಗೆ ಮೈಸೂರಿನ ಪ್ರಧಾನಾಲಯ ಎದ್ದು ನಿಂತು ಎರಡು ದಶಕಗಳಾಗಿದ್ದವು, 1946ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜಿನಿಂದ ಪದವಿ ಪಡೆದವರು ಊರ ತುಂಬ ಇದ್ದರು.

ಈ ವಿಷಯ ತಿಳಿದ ಮೇಲೆ ಮೊದಲ ಬಾರಿ ನೆಲಮಾಳಿಗೆಗೆ ಇಳಿದಾಗ ನನ್ನ ಮನಸ್ಸಿನಲ್ಲಿ ಒಂದು ತಳಮಳವಿತ್ತು. ನಾನು ಕ್ರೈಸ್ತ ಮನೆಯವಳಲ್ಲ; ಆದರೂ ಈ ಊರಿನಲ್ಲಿ ಬೆಳೆದವಳಿಗೆ ಫಿಲೋಮಿನಾ ಹೊರಗಿನವಳಲ್ಲ. ಚರಿತ್ರೆ ಕೈಬಿಟ್ಟ ಈ ಹುಡುಗಿಯ ಮುಂದೆ ಜನ ಏನನ್ನು ಕಂಡು ನಿಲ್ಲುತ್ತಾರೆ ಎಂಬ ಪ್ರಶ್ನೆ ಕಾಡುತ್ತಿತ್ತು. ನನ್ನ ಮುಂದೆ ಒಬ್ಬ ಹಿರಿಯ ಹೆಂಗಸಿದ್ದರು. ಮಂಡ್ಯದ ಕಡೆಯವರೆಂದು ಮಾತಿನಿಂದಲೇ ತಿಳಿಯುತ್ತಿತ್ತು. ಸೆರಗಿನ ಗಂಟು ಬಿಚ್ಚಿ, ಬಾಳೆಎಲೆಯಲ್ಲಿ ಸುತ್ತಿದ್ದ ಮಲ್ಲಿಗೆಯ ತುಂಡನ್ನು ತೆಗೆದರು. ಎಲೆಯನ್ನು ಮಡಿಸಿ ಮತ್ತೆ ಸೆರಗಿಗೆ ಕಟ್ಟಿಕೊಂಡು, ಹೂವನ್ನು ಗಾಜಿನ ಬುಡದಲ್ಲಿ ಇಟ್ಟರು. ಬಲಗೈಯ ಬೆರಳುಗಳಿಂದ ಗಾಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಎರಡೂ ಒಂದೇ ಚಲನೆಯಂತೆ ಸಲೀಸಾಗಿತ್ತು. ಮೇಲೆ ಬಂದ ಮೇಲೆ ಬೆಂಚಿನಲ್ಲಿ ಪಕ್ಕದಲ್ಲಿ ಕೂತಾಗ ನಾನೇ ಮಾತಾಡಿಸಿದೆ.

"ಯಾವೂರಿಂದ ಬಂದ್ರಿ ಅಮ್ಮ?"

"ನಾವು ಮಂಡ್ಯದ ತಾವ್ಲೋರು ಕಣವ್ವ. ಮೊಮ್ಮಗಳು ಪರೀಕ್ಷೆ ಬರೀತಾವ್ಳೆ. ಇವಳೂ ಅದೇ ವಯಸ್ಸಿನ ಕೂಸಲ್ವಾ, ಇವಳಿಗೆ ಗೊತ್ತಾಗ್ತದೆ."

ಅವರ ಮಾತಿನಲ್ಲಿ ರಾಜಕುಮಾರಿ ಇರಲಿಲ್ಲ, ಚಕ್ರವರ್ತಿಯೂ ಇರಲಿಲ್ಲ. ಇದ್ದದ್ದು ಒಂದು ವಯಸ್ಸು ಮಾತ್ರ. ಚರಿತ್ರಕಾರರ ಜರಡಿಯಲ್ಲಿ ಫಿಲೋಮಿನಾಳ ಕಥೆಯಿಂದ ಉಳಿಯುವುದೂ ಬಹುಮಟ್ಟಿಗೆ ಅಷ್ಟೇ: ಹರೆಯಕ್ಕೆ ಕಾಲಿಡುವ ಮೊದಲೇ ತೀರಿಕೊಂಡ ಒಬ್ಬ ಹುಡುಗಿ, ಆಕೆಯನ್ನು ಮಣ್ಣು ಮಾಡಿ ಮೂರು ಹಲಗೆ ಮುಚ್ಚಿ ಹೋದ ಮನೆಯವರು. ಆ ಅಜ್ಜಿ ಹಿಡಿದುಕೊಂಡದ್ದು ಚರಿತ್ರೆ ಅಲ್ಲಗಳೆಯಲಾರದ ಆ ಒಂದೇ ಸತ್ಯವನ್ನು. ಮಕ್ಕಳು, ವಿದ್ಯಾರ್ಥಿಗಳು, ಕೂಸು ಬೇಡುವ ದಂಪತಿಗಳು ಇಲ್ಲಿಗೇ ಬರುವುದಕ್ಕೆ ಕಾರಣವೂ ಅದೇ ಇರಬೇಕು. ಭಕ್ತಿಯನ್ನು ಪುರಾವೆಯ ತಕ್ಕಡಿಯಲ್ಲಿ ತೂಗಿ ಹಗುರವೆಂದು ಕೈಬಿಡುವ ಮೊದಲು, ಭಕ್ತರು ನಿಜವಾಗಿ ಯಾವುದಕ್ಕೆ ಕೈಮುಗಿಯುತ್ತಿದ್ದಾರೆ ಎಂದು ಅವರ ಬಾಯಿಂದಲೇ ಕೇಳುವುದು ವಿದ್ವಾಂಸರಿಗೂ ಒಳ್ಳೆಯದು ಎಂಬ ನನ್ನ ಅಭಿಪ್ರಾಯ ಅಂದಿನಿಂದ ಗಟ್ಟಿಯಾಗಿದೆ.

ಪ್ರಧಾನಾಲಯ ಕಟ್ಟಿದಾಗ ಇಲ್ಲಿ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ, 1962ರಿಂದ 1965ರವರೆಗೆ ನಡೆದದ್ದು, ಜನರ ಭಾಷೆಗೆ ಬಾಗಿಲು ತೆರೆಯಿತು. ಈಗ ಕನ್ನಡದ ಬಲಿಪೂಜೆಗೆ ಹೋಗಿ ಕೂತರೆ, ಕಲೋನಿನ ನೆನಪು ತರುವ ಕಮಾನುಗಳ ಕೆಳಗೆ ಹಳೆಯ ಮೈಸೂರಿನ ಉಚ್ಚಾರದ ಕನ್ನಡದಲ್ಲಿ ಪ್ರಾರ್ಥನೆ ಮೇಲೇಳುವುದನ್ನು ಕೇಳಬಹುದು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳು ಸೇರಿದ ಧರ್ಮಕ್ಷೇತ್ರ ಇದು. ಮಂಗಳೂರಿನವರಿಗೆ ಕೊಂಕಣಿ ಹೇಗೋ, ಇಲ್ಲಿನ ಎಷ್ಟೋ ಹಳ್ಳಿಗಳ ಕಥೋಲಿಕರಿಗೆ ಕನ್ನಡ ಹಾಗೆ ಮನೆಯ ಮಾತು. ಕ್ರೈಸ್ತರೆಂದರೆ ಇಂಗ್ಲಿಷಿನವರು ಎಂದು ತಿಳಿದವರು ಒಮ್ಮೆ ಈ ಪೂಜೆಗೆ ಬರಬೇಕು.

ಕೊನೆಯದಾಗಿ ನನ್ನದೊಂದು ಕೋರಿಕೆಯಿದೆ. ನೆಲಮಾಳಿಗೆಯ ಹಾದಿಯ ಗೋಡೆಗಳಲ್ಲಿ ಸಣ್ಣ ಸಣ್ಣ ಅಮೃತಶಿಲೆಯ ಫಲಕಗಳನ್ನು ಕೂರಿಸಿದ್ದಾರೆ. ಹಣ ಕೊಟ್ಟವರು, ಹರಕೆ ತೀರಿಸಿದವರು, ತೀರಿಕೊಂಡ ಮಗನ ಅಥವಾ ತಾಯಿಯ ನೆನಪಿಗೆ ಕೆತ್ತಿಸಿದವರು ಅಲ್ಲಿದ್ದಾರೆ. ಸಾಲು ಮುಂದೆ ಸರಿಯುತ್ತಿರುವುದರಿಂದ ನಿಂತು ಓದಲು ಯಾರಿಗೂ ವೇಳೆ ಸಿಗದು. ಹಲವು ಕಡೆ ತೇವಕ್ಕೆ ಅಕ್ಷರಗಳು ಮಸುಕಾಗುತ್ತಿವೆ. ಮಹಾರಾಜರ, ದಿವಾನರ, ಧರ್ಮಾಧ್ಯಕ್ಷರ ಹೆಸರುಗಳು ಗ್ರಂಥಗಳಲ್ಲಿ ಸೇರಿ ಭದ್ರವಾಗಿವೆ, ಅವುಗಳ ಬಗ್ಗೆ ಆತಂಕವಿಲ್ಲ. ಆದರೆ ಒಂದು ಕಲ್ಲಿನಷ್ಟು ದುಡ್ಡು ಕೂಡಿಸಿ ತಂದುಕೊಟ್ಟ ಕುಟುಂಬಗಳ ಹೆಸರು ಇರುವುದು ಆ ಗೋಡೆಯ ಮೇಲೆ ಮಾತ್ರ. ಹಳ್ಳಿಯ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಬಿಸಿಲಲ್ಲಿ ನಿಂತು ಪಡಿಯಚ್ಚು ತೆಗೆದು ಸಂಪುಟ ಸಂಪುಟವಾಗಿ ಅಚ್ಚು ಹಾಕಿದ ಪರಂಪರೆ ಈ ಊರಿನದು. ಪ್ರಧಾನಾಲಯದ ಹಿರಿಯರೂ ಇತಿಹಾಸದ ವಿದ್ಯಾರ್ಥಿಗಳೂ ಕೂಡಿ, ಜನ ಕಡಿಮೆಯಿರುವ ಬೆಳಗಿನ ಹೊತ್ತು ಆ ಫಲಕಗಳನ್ನು ಒಂದೊಂದಾಗಿ ಓದಿ ಬರೆದಿಡಬೇಕು. ಕೆಲಸಕ್ಕೆ ಕೈಗಳು ಬೇಕಾದರೆ ಬರಲು ನಾನು ಸಿದ್ಧಳಿದ್ದೇನೆ.